ಭಾನುವಾರದ ಮಾತ್ರೆ

ಮಾರ್ಚ್ ೩, ಸೋಮವಾರ

ರಿಪೋರ್ಟು ಚೆನ್ನಾಗಿ ಬಂದಿದೆ. ಇಷ್ಟು ಒಳ್ಳೆಯ ರಿಪೋರ್ಟು ಕೈಯಲ್ಲಿ ಹಿಡಿದುಕೊಂಡು ಇಷ್ಟು ನಾಚಿಕೆಪಟ್ಟವಳು ನಾನೊಬ್ಬಳೇ ಇರಬೇಕು.

ಸಂಧಿವಾತ ನನ್ನನ್ನು ಹಿಡಿದು ಆರು ವರ್ಷವಾಯಿತು. ಮೊದಲ ವರ್ಷ ಬೆರಳುಗಳು ಊದಿಕೊಂಡು ಬಾಗಿಲ ಚಿಲಕ ತೆಗೆಯುವುದಕ್ಕೂ ಆಗುತ್ತಿರಲಿಲ್ಲ. ಆಮೇಲೆ ವಾರಕ್ಕೊಮ್ಮೆ ನುಂಗುವ ಮಾತ್ರೆ ಶುರುವಾಯಿತು, ಪ್ರತಿ ಭಾನುವಾರ ಊಟದ ನಂತರ. ಊತ ಇಳಿಯಿತು. ನೋವು ಮಾತ್ರ ಎಲ್ಲಿಗೂ ಹೋಗಲಿಲ್ಲ, ಈಗ ಒಂದು ವರ್ಷದಿಂದ ಇನ್ನಷ್ಟು ಹರಡಿಕೊಂಡು ಕೂತಿದೆ.

ಇವತ್ತು ಡಾಕ್ಟ್ರಮ್ಮ ಹೆಬ್ಬೆರಳಿನಿಂದ ಒಂದೊಂದೇ ಕೀಲನ್ನು ಒತ್ತಿ ನೋಡಿದರು. "ಇಲ್ಲಿ ನೋವಿದೆಯಾ?" ಇದೆ. "ಇಲ್ಲಿ?" ಅಲ್ಲೂ ಇದೆ. ಭುಜ, ಮೊಣಕೈ, ಮಣಿಕಟ್ಟು, ಬೆರಳಿನ ಗೆಣ್ಣುಗಳು, ಮಂಡಿ. ಎಲ್ಲದಕ್ಕೂ ಹೂಂ, ಹೂಂ ಎನ್ನುತ್ತಾ ಹೋದಂತೆ ನನಗೇ ನನ್ನ ಮೇಲೆ ಅನುಮಾನ ಬಂತು. ಒಂದೆರಡು ಕಡೆಯಾದರೂ ಇಲ್ಲ ಎನ್ನೋಣವೆಂದರೆ ಇಲ್ಲದ ಜಾಗ ಸಿಗಲಿಲ್ಲ.

"ಊತ ಎಲ್ಲೂ ಇಲ್ಲ. ರಕ್ತದಲ್ಲೂ ಏನೂ ಇಲ್ಲ. ಕಾಯಿಲೆ ಪೂರ್ತಿ ಹತೋಟೀಲಿದೆ, ಖುಷಿ ಪಡಿ ನೀವು" ಎಂದರು. ನಾನು ಖುಷಿ ಪಟ್ಟವಳ ಮುಖ ಮಾಡಿದೆ.

ಹೊರಗೆ ಬೆಂಚಿನ ಮೇಲೆ ಕೂತಿದ್ದ ಇವರು ರಿಪೋರ್ಟು ಕಿತ್ತುಕೊಂಡು ಓದಿದರು. ಔಷಧಿ ಅಂಗಡಿಯವರಾದ್ದರಿಂದ ಇವರಿಗೂ ರಿಪೋರ್ಟು ಓದಲು ಬರುತ್ತದೆ, ಡಾಕ್ಟರಿಗಿಂತ ಅರ್ಧ ಇಂಚು ಮಾತ್ರ ಕಡಿಮೆ ಎಂದು ಇವರ ನಂಬಿಕೆ. "ಎಲ್ಲಾ ನಾರ್ಮಲ್ಲು ಕಣೇ" ಎಂದು ದಾರಿಯುದ್ದಕ್ಕೂ ಹೇಳಿದರು. ಸ್ಕೂಟರು ಒಂದೊಂದು ಗುಂಡಿಗೆ ಇಳಿದಾಗಲೂ ನನ್ನ ಬೆನ್ನು ಬಾಯಿ ಬಿಡುತ್ತಿತ್ತು. ನಾನು ಬಿಡಲಿಲ್ಲ.

ಸಂಜೆ ಅಂಗಡಿ ಮುಚ್ಚಿ ಬರುವ ಹೊತ್ತಿಗೆ ನರಳಮ್ಮ ಎಂದಿನಂತೆ ಕೈಚಾಚಿ ಕೂತಿದ್ದರು. ನರಳಮ್ಮ ಎಂದರೆ ಅತ್ತೆ. ಈ ಹೆಸರು ಇಟ್ಟವರು ಇವರು ಮತ್ತು ಇವರ ತಂಗಿ, ಬಳಸುವವರು ನಾವು ಮೂವರೂ, ಹಿಂದಿನಿಂದ. ಬೆಳಗಾದರೆ ಸೊಂಟ, ಮಧ್ಯಾಹ್ನ ತೋಳು, ಸಂಜೆಗೆ ಕಾಲು, ನಡುನಡುವೆ ತಲೆ. ಎಷ್ಟು ಪರೀಕ್ಷೆ ಮಾಡಿಸಿದರೂ ಏನೂ ಇಲ್ಲ. ಕೊನೆಗೆ ಇವರು ಒಂದು ಉಪಾಯ ಮಾಡಿದರು. ಬಿಳೀ ಕ್ಯಾಲ್ಸಿಯಂ ಮಾತ್ರೆಯನ್ನು ಬಿಡಿಸಿ ಕಂದು ಬಣ್ಣದ ಸೀಸೆಗೆ ಹಾಕಿ, "ಅಮ್ಮ, ಇದು ಭಾರಿ ಜೋರಿನ ನೋವಿನ ಮಾತ್ರೆ, ದಿನಕ್ಕೆ ಒಂದೇ" ಎಂದು ಕೊಟ್ಟರು. ಮಾರನೆಯ ದಿನವೇ ಅರ್ಧ ವಾಸಿ. ಅವತ್ತು ನಾವಿಬ್ಬರೂ ಅಡುಗೆಮನೆಯಲ್ಲಿ ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕಿದ್ದೆವು. ಇವತ್ತೂ ಕೊಟ್ಟೆ. ನುಂಗಿ, "ನಿನ್ನ ಕೈಗುಣ ಕಣಮ್ಮ" ಎಂದರು.

ಮಾರ್ಚ್ ೮

ಬೆಳಿಗ್ಗೆ ಎದ್ದಾಗ ಯಾರೋ ಕಂಬಕ್ಕೆ ಕಟ್ಟಿ ಹೊಡೆದ ಹಾಗಿತ್ತು. ಹೊದಿಕೆ ಮೈಗೆ ತಾಗಿದರೂ ಉರಿ. ನಿದ್ದೆ ಮಾಡಿದ್ದೇನೆ, ಗೊರಕೆಯನ್ನೂ ಹೊಡೆದಿದ್ದೇನಂತೆ, ಆದರೂ ಎದ್ದಾಗ ಮಲಗಿಯೇ ಇಲ್ಲವೇನೋ ಎಂಬ ಸುಸ್ತು.

ಅಂಗಡಿಯಲ್ಲಿ ರಕ್ತದೊತ್ತಡದ ಮಾತ್ರೆ ಕೊಡುವಾಗ ಚೀಟಿಯಲ್ಲಿದ್ದದ್ದಕ್ಕಿಂತ ದುಪ್ಪಟ್ಟು ಶಕ್ತಿಯದನ್ನು ಕೊಟ್ಟೆ. ಪುಣ್ಯಕ್ಕೆ ಆ ಮನುಷ್ಯ ರಸ್ತೆ ದಾಟುವ ಮೊದಲು ಇವರು ನೋಡಿ ಓಡಿಹೋಗಿ ಬದಲಾಯಿಸಿಕೊಂಡು ಬಂದರು. ಗಿರಾಕಿಗಳೆಲ್ಲ ಹೋಗುವವರೆಗೆ ಕಾದರು. ಆಮೇಲೆ, "ಎಲ್ಲಿದೆಯೇ ಗಮನ? ಕಾಯಿಲೆ ಇದ್ದಾಗಲೇ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡ್ತಿದ್ದೆಯಲ್ಲ" ಎಂದರು.

ಕಾಯಿಲೆ ಇದ್ದಾಗ. ಈಗ ಇಲ್ಲ ಎಂದು ಅರ್ಥ. ತಲೆಯೊಳಗೆ ಹತ್ತಿ ತುಂಬಿದ ಹಾಗಿರುತ್ತದೆ, ಕಣ್ಣಿಗೆ ಕಂಡ ಅಕ್ಷರ ಬುದ್ಧಿಗೆ ತಲುಪುವುದಿಲ್ಲ ಎಂದು ಹೇಳಬೇಕೆಂದುಕೊಂಡೆ. ಹೇಳಿದರೆ ಹೊಸದೊಂದು ಸೇರಿಸಿದಳು ಎನ್ನುತ್ತಾರೆ. ಬೆಳಗಿನ ಪಾಳಿ ನಾಳೆಯಿಂದ ನನ್ನದಂತೆ, ಷಟರು ಎತ್ತುವುದೂ ಸೇರಿ.

ಮಾರ್ಚ್ ೧೪

ನಾದಿನಿ ಬಂದಿದ್ದಳು. ಬಾಗಿಲಲ್ಲೇ, "ಅತ್ತಿಗೆ, ಎಷ್ಟು ಚೆನ್ನಾಗಾಗಿದೀರ" ಎಂದಳು. ನಾನೂ ನಕ್ಕೆ. ಊಟವಾದ ಮೇಲೆ ಪಾತ್ರೆಗಳನ್ನು ಹಾಗೇ ಬಿಟ್ಟು ಹೋಗಿ ಮಲಗಿದೆ, ನಿಲ್ಲಲು ಆಗಲಿಲ್ಲ.

ಅಣ್ಣ ತಂಗಿ ನಡುಮನೆಯಲ್ಲಿ ಮಾತಾಡುತ್ತಿದ್ದರು. ಗೋಡೆ ತೆಳು.

"ಏನಣ್ಣ, ಅತ್ತಿಗೆ ಹೋಗಿ ಮಲಗೇಬಿಟ್ರು?"

"ರಿಪೋರ್ಟೆಲ್ಲ ಸರಿಯಾಗೇ ಇದೆ. ಆದ್ರೂ ಅಲ್ಲಿ ನೋವು, ಇಲ್ಲಿ ನೋವು. ಏನ್ ಹೇಳ್ಲಿ? ಮನೇಲಿ ಇನ್ನೊಬ್ಬ ನರಳಮ್ಮ ರೆಡಿ ಆಗ್ತಿದಾಳೆ."

ಇಬ್ಬರೂ ನಕ್ಕರು. ಕೆಟ್ಟ ನಗುವಲ್ಲ, ನಾನೂ ಎಷ್ಟೋ ಸಲ ಸೇರಿಕೊಂಡು ನಕ್ಕಿರುವ ನಗು. ಅದಕ್ಕೇ ಎದ್ದು ಹೋಗಿ ಜಗಳವಾಡಲು ಮುಖವಿರಲಿಲ್ಲ.

ಮಾರ್ಚ್ ೧೬, ಭಾನುವಾರ

ಮಾತ್ರೆ ಮರೆತೆ ಎಂದು ಬರೆಯಬಹುದು. ಇಲ್ಲಿಯೂ ಸುಳ್ಳು ಬರೆದರೆ ಇನ್ನೆಲ್ಲಿ ನಿಜ ಹೇಳಲಿ.

ಮರೆಯಲಿಲ್ಲ. ಮಾತ್ರೆಯನ್ನು ಪಟ್ಟಿಯಿಂದ ಬಿಡಿಸಿ, ಇವರು ನೋಡಲೆಂದು ಬಾಯಿಗೆ ಹಾಕುವ ಹಾಗೆ ಮಾಡಿ, ನೀರು ಕುಡಿದು, ಬಚ್ಚಲಿಗೆ ಹೋಗಿ ಉಗಿದೆ. ಕೈ ಊದಿದ್ದ ಕಾಲದಲ್ಲಿ ಇವರು ನನ್ನ ತಲೆ ಬಾಚಿದ್ದಾರೆ. ತಟ್ಟೆಯಲ್ಲಿ ಅನ್ನ ಕಲಸಿ ಕೊಟ್ಟಿದ್ದಾರೆ. ಬಂದ ನೆಂಟರಿಗೆ ನನ್ನ ಕೈ ಎತ್ತಿ ತೋರಿಸಿ, "ನೋಡಿ, ಪಾಪ, ಎಷ್ಟು ಸಹಿಸ್ಕೊಳ್ತಾಳೆ" ಎಂದಿದ್ದಾರೆ. ಅದೇ ನೋವು ಈಗಲೂ ಇದೆ, ತೋರಿಸುವುದಕ್ಕೆ ಊದಿದ ಕೈ ಇಲ್ಲ ಅಷ್ಟೆ.

ಸ್ವಲ್ಪ ಊದಲಿ. ಎಲ್ಲರಿಗೂ ಕಾಣುವಷ್ಟು. ಆಮೇಲೆ ಮತ್ತೆ ತೆಗೆದುಕೊಂಡರಾಯಿತು.

ಏಪ್ರಿಲ್ ೬, ಭಾನುವಾರ

ಇವತ್ತೂ ಉಗಿದೆ. ಬೆಳಿಗ್ಗೆ ಎದ್ದ ತಕ್ಷಣ ಉಂಗುರ ತಿರುಗಿಸಿ ನೋಡುವುದು ಅಭ್ಯಾಸವಾಗಿದೆ. ಸಲೀಸಾಗಿ ತಿರುಗುತ್ತದೆ. ನನ್ನ ಕೈ ನನ್ನ ಮಾತೇ ಕೇಳುತ್ತಿಲ್ಲ.

ಕ್ಷಯದ ಮಾತ್ರೆಯನ್ನು ಮಧ್ಯದಲ್ಲೇ ಬಿಟ್ಟ ಒಬ್ಬ ಆಟೋ ಡ್ರೈವರಿಗೆ ಅಂಗಡಿಯಲ್ಲಿ ಎಲ್ಲರ ಮುಂದೆ ಚೆನ್ನಾಗಿ ಬೈದೆ. "ಓದು ಬರಹ ಬರುತ್ತಲ್ವಾ ನಿಮಗೆ? ಔಷಧಿ ಅಂದ್ರೆ ಆಟ ಅಂದ್ಕೊಂಡ್ರಾ?" ಅವನು ತಲೆ ತಗ್ಗಿಸಿ ನಿಂತಿದ್ದ. ಮನೆಗೆ ಬಂದ ಮೇಲೂ ಆ ತಗ್ಗಿದ ತಲೆ ಕಣ್ಣಿಂದ ಹೋಗುತ್ತಿಲ್ಲ.

ಏಪ್ರಿಲ್ ೨೨

ಬಂತು.

ಬಲಗೈಯ ಎರಡು ಗೆಣ್ಣುಗಳು, ಎಡ ಮಣಿಕಟ್ಟು. ಕೆಂಪಗೆ, ಬೆಚ್ಚಗೆ, ಒತ್ತಿದರೆ ಮೆತ್ತಗೆ. ಉಂಗುರ ಹೊರಬರಲು ಸಾಬೂನು ಬೇಕಾಯಿತು. ಅಡುಗೆಮನೆಗೆ ಹೋಗಿ ಲೋಟವನ್ನು ಬೇಕೆಂದೇ ಎರಡೂ ಕೈಯಲ್ಲಿ ಹಿಡಿದೆ. ಇವರು ಕಂಡರು.

"ಅಯ್ಯೋ, ಇದೇನೇ ಇದು? ಯಾವಾಗಿಂದ? ಹೇಳ್ಬಾರ್ದಾ?" ಎಂದು ನನ್ನ ಕೈಯನ್ನು ತಮ್ಮ ಕೈಯಲ್ಲಿ ಇಟ್ಟುಕೊಂಡು ಕೂತರು. ಷಟರು ಎತ್ತಲು ಇವರೇ ಹೋದರು. ಮಧ್ಯಾಹ್ನ ಬೇಗ ಬಂದು ಬಿಸಿನೀರು ಕಾಯಿಸಿಕೊಟ್ಟರು. ತಂಗಿಗೆ ಫೋನು ಮಾಡಿ, "ಪಾಪ, ನಾವೇ ತಪ್ಪು ತಿಳ್ಕೊಂಡ್ವಿ" ಎಂದರು.

ಸಂತೋಷವಾಯಿತು. ಒಂದೇ ಸಲ ಬಿಡಿಸಿ ಬರೆದುಬಿಡುತ್ತೇನೆ: ನನ್ನ ಕೈ ಊದಿದ್ದಕ್ಕೆ ನನಗೆ ಸಂತೋಷವಾಯಿತು. ಇಂಥ ಹೆಂಗಸನ್ನು ನಾನು ಅಂಗಡಿಯೊಳಕ್ಕೂ ಸೇರಿಸುತ್ತಿರಲಿಲ್ಲ.

ಮೇ ೫, ಸೋಮವಾರ

ಡಾಕ್ಟ್ರಮ್ಮ ಕೈ ನೋಡಿದವರೇ ಹುಬ್ಬು ಗಂಟಿಕ್ಕಿದರು. ರಕ್ತದ ರಿಪೋರ್ಟು ಏರಿದೆ.

"ಮಾತ್ರೆ ತಪ್ಪದೆ ತಗೋತಿದೀರ ತಾನೆ?"

ನಾನು ಬಾಯಿ ತೆರೆಯುವ ಮೊದಲೇ ಇವರು, "ಇವಳಾ ಡಾಕ್ಟ್ರೇ? ಊರಿಗೆಲ್ಲ ಬೈದು ಮಾತ್ರೆ ನುಂಗಿಸೋಳು. ಪ್ರತಿ ಭಾನುವಾರ ನನ್ನ ಕಣ್ಣೆದುರೇ ತಗೋತಾಳೆ" ಎಂದರು.

ನಾನು ತಲೆ ಆಡಿಸಿದೆ. ಕುತ್ತಿಗೆಯೂ ನೋಯುತ್ತಿತ್ತು.

ಹಾಗಾದರೆ ಮಾತ್ರೆ ಕೆಲಸ ಮಾಡುವುದು ನಿಲ್ಲಿಸಿದೆ, ಇಂಜೆಕ್ಷನ್ನಿಗೆ ಹೋಗಬೇಕು ಎಂದರು ಡಾಕ್ಟ್ರಮ್ಮ. ಮೈಯ ಕಾವಲನ್ನೇ ತಗ್ಗಿಸುವ ಮದ್ದು ಅದು, ಕೊಡುವ ಮೊದಲು ಎದೆಯ ಫೋಟೊ, ಕ್ಷಯದ ಪರೀಕ್ಷೆ, ಲಿವರಿನ ಪರೀಕ್ಷೆ ಎಲ್ಲ ಆಗಬೇಕು. ಕೈಯದೂ ಒಂದು ಎಕ್ಸ್‌ರೇ. ಎರಡು ವಾರ ಬಿಟ್ಟು ಬನ್ನಿ ಎಂದರು. ಆ ಮದ್ದಿನ ಡಬ್ಬಿಯೊಳಗಿನ ಎಚ್ಚರಿಕೆಯ ಹಾಳೆಯನ್ನು ನಾನು ಓದಿದ್ದೇನೆ. ಬಿಚ್ಚಿದರೆ ಮೇಜು ತುಂಬುತ್ತದೆ.

ಮನೆಗೆ ಬರುವಾಗ ಇವರು, "ಹೆದರ್ಕೋಬೇಡ, ನಾನಿದೀನಿ" ಎಂದರು. ಅದೊಂದು ಮಾತಿಗೋಸ್ಕರ ತಾನೇ ಇಷ್ಟೆಲ್ಲ. ಸಿಕ್ಕಿತು. ಗಂಟಲಿನಿಂದ ಕೆಳಗೆ ಇಳಿಯುತ್ತಿಲ್ಲ.

ಮೇ ೭

ಅತ್ತೆ ನನ್ನ ಪಕ್ಕದಲ್ಲಿ ಬಂದು ಕೂತರು. ನನ್ನ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಅಯ್ಯೋ ಪಾಪ ಎನ್ನುತ್ತಾರೆಂದು ಕಾದಿದ್ದೆ.

"ನೀನು ಪುಣ್ಯವಂತೆ ಕಣಮ್ಮ. ನಿನಗಾದ್ರೆ ಊದುತ್ತೆ" ಎಂದರು.

ಕೊಂಕು ಇರಲಿಲ್ಲ. ನಿಜವಾಗಿಯೂ ಹೊಟ್ಟೆಕಿಚ್ಚಿನಿಂದ ಹೇಳಿದರು, ಪಕ್ಕದ ಮನೆಯವರ ಹೊಸ ಸೀರೆ ನೋಡಿದ ಹಾಗೆ. ಆಮೇಲೆ ಸೊಂಟ ಹಿಡಿದುಕೊಂಡು ಎದ್ದು ಹೋದರು. ನಾನು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತೆ.

ಮೇ ೮

ಕಂದು ಸೀಸೆ ತೆಗೆಯಲು ಮನಸ್ಸು ಬರಲಿಲ್ಲ. ಮಾತ್ರೆ ಮುಗಿದಿದೆ ಎಂದೆ. ಇವರು ಎದ್ದು ಹೋಗಿ ತಾವೇ ಕೊಟ್ಟು, ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ನನಗೆ ನಗು ಬರಲಿಲ್ಲ. ಮೈ ಸರಿಯಿಲ್ಲವಲ್ಲ, ಅದಕ್ಕೇ ಇರಬೇಕು.

ಮೇ ೧೯, ಸೋಮವಾರ

ಪರೀಕ್ಷೆಗಳೆಲ್ಲ ಮುಗಿದಿದ್ದವು. ಇಂಜೆಕ್ಷನ್ ಇವತ್ತೇ ಎಂದು ಗೊತ್ತಾಗಿತ್ತು. ನರ್ಸು ತಂಪು ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲೆ ಇಟ್ಟೂ ಆಗಿತ್ತು. ಅಷ್ಟರಲ್ಲಿ ಇವರಿಗೆ ಔಷಧಿ ಸರಬರಾಜಿನವರ ಫೋನು ಬಂತು, ಹೊರಗೆ ಹೋದರು. ಬಾಗಿಲು ಮುಚ್ಚಿದ ಸದ್ದು ಕೇಳಿ ಹೇಳಿದೆ.

"ಡಾಕ್ಟ್ರೇ, ನಾನು ಭಾನುವಾರದ ಮಾತ್ರೆ ತಗೊಂಡಿಲ್ಲ. ಮಾರ್ಚ್‌ನಿಂದ."

"ಮರೆತಿದ್ದಾ?"

"ಬೇಕಂತಲೇ ಬಿಟ್ಟಿದ್ದು. ಊದ್ಲಿ ಅಂತ."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ಬೈಸಿಕೊಳ್ಳುವುದು ಸುಲಭ. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಮಣಿಕಟ್ಟಿನ ಮೂಳೆಯ ಅಂಚಿನಲ್ಲಿ ಇಲಿ ಕಡಿದಂತಿದ್ದ ಸಣ್ಣ ಕಚ್ಚನ್ನು ತೋರಿಸಿದರು. ಹೋದ ವರ್ಷದ ಚಿತ್ರದಲ್ಲಿ ಇದು ಇರಲಿಲ್ಲ. "ಊತ ಇಳಿಸ್ಬಹುದು. ಇದು ತುಂಬ್ಕೊಳ್ಳಲ್ಲ" ಎಂದರು.

ನಾನು ಆ ಕಚ್ಚನ್ನೇ ನೋಡುತ್ತಿದ್ದೆ. ನಾನೇ ಮಾಡಿಕೊಂಡದ್ದು ಅದು.

"ಯಾಕೆ ಊದಿಸ್ಕೋಬೇಕು ಅನ್ನಿಸ್ತು?" ಎಂದು ಕೇಳಿದರು.

"ಊತ ಇಲ್ಲದಿದ್ರೆ ಯಾರೂ ನಂಬಲ್ಲ. ನೀವೂ ನಂಬ್ಲಿಲ್ಲ."

ಅವರು ನರ್ಸಿಗೆ ಇಂಜೆಕ್ಷನ್ನನ್ನು ವಾಪಸು ತಂಪಿನಲ್ಲಿ ಇಡಲು ಹೇಳಿದರು. ನನ್ನ ಹಳೆಯ ಕಾಗದಗಳನ್ನು ತಿರುವಿದರು. "ಮಾರ್ಚ್‌ನಲ್ಲಿ ಒತ್ತಿದ ಕಡೆಯೆಲ್ಲ ನೋವು ಅಂದಿದ್ರಿ. ಊತ ಇಲ್ಲ ಅಂತ ಬರೆದು ಮುಗಿಸಿಬಿಟ್ಟೆ. ಮುಂದೆ ಕೇಳ್ಬೇಕಾಗಿತ್ತು, ಕೇಳ್ಲಿಲ್ಲ" ಎಂದರು. ಡಾಕ್ಟರೊಬ್ಬರು ನನ್ನ ಮುಂದೆ ಹೀಗೆ ತಪ್ಪು ಒಪ್ಪಿಕೊಂಡದ್ದನ್ನು ನಾನು ನೋಡಿರಲಿಲ್ಲ.

ಆಮೇಲೆ ಕೇಳಿದರು. ನಿದ್ದೆ ಮಾಡಿ ಎದ್ದಾಗ ಹೇಗಿರುತ್ತದೆ, ಓದಿದ್ದು ತಲೆಗೆ ಹೋಗುತ್ತದೆಯೇ, ನೋವು ಕೀಲಿನಲ್ಲೋ ಕೀಲುಗಳ ನಡುವಿನ ಮಾಂಸದಲ್ಲೋ, ಬಟ್ಟೆ ತಾಗಿದರೆ ಹೇಗೆ, ಎಷ್ಟು ತಿಂಗಳಿಂದ. ಈ ಸಲ ಕೀಲು ಬಿಟ್ಟು ಮುಂಗೈ, ತೊಡೆ, ಬೆನ್ನಿನ ಮೇಲ್ಭಾಗ ಒತ್ತಿದರು, ಹಗುರವಾಗಿ. ಕಣ್ಣಲ್ಲಿ ನೀರು ಬಂತು. ನೋವಿಗೋ ಕೇಳಿದ್ದಕ್ಕೋ ತಿಳಿಯದು.

"ನಿಮಗಿರೋದು ಎರಡು ಕಾಯಿಲೆ" ಎಂದರು. "ಒಂದು ಸಂಧಿವಾತ. ಇನ್ನೊಂದಕ್ಕೆ ಫೈಬ್ರೊಮಯಾಲ್ಜಿಯಾ ಅಂತಾರೆ. ಸಂಧಿವಾತ ಇರೋರಲ್ಲಿ ಎಷ್ಟೋ ಜನಕ್ಕೆ ಇದೂ ಜೊತೆಗಿರುತ್ತೆ. ರೇಡಿಯೋ ಸದ್ದು ಏರಿಸಿಟ್ಟ ಹಾಗೆ, ನರಗಳಿಗೆ ಸಣ್ಣ ನೋವೂ ಜೋರಾಗಿ ಕೇಳುತ್ತೆ. ಊತ ಬರಲ್ಲ, ರಕ್ತದಲ್ಲಿ ಸಿಗಲ್ಲ. ಹಾಗಂತ ಸುಳ್ಳಲ್ಲ. ಇವೆರಡನ್ನ ಬೇರೆ ಮಾಡಿ ನೋಡದಿದ್ರೆ ನಾವು ಕೀಲಿನ ಮದ್ದನ್ನೇ ಏರಿಸ್ತಾ ಹೋಗ್ತೀವಿ, ಇದು ಇದ್ದಲ್ಲೇ ಇರುತ್ತೆ."

ಭಾನುವಾರದ ಮಾತ್ರೆ ಮತ್ತೆ ಶುರು. ಊತ ಬೇಗ ಇಳಿಯಲೆಂದು ಕೆಲವು ದಿನಕ್ಕೆ ಇನ್ನೊಂದು. ಎರಡನೆಯ ಕಾಯಿಲೆಗೆ ಮಲಗುವ ಮೊದಲು ಒಂದು ಸಣ್ಣ ಮಾತ್ರೆ, ಮತ್ತು ನಡಿಗೆ. ಮೊದಲು ಬೀದಿಯ ಕೊನೆಯವರೆಗೆ ಮಾತ್ರ, ಚೆನ್ನಾಗಿದ್ದ ದಿನವೂ ಹೆಚ್ಚು ನಡೆಯಬಾರದು, ನೋವಿದ್ದ ದಿನವೂ ಬಿಡಬಾರದು. ಪೂರ್ತಿ ಹೋಗುತ್ತದೆಂದು ಮಾತು ಕೊಡಲಾರೆ, ತಗ್ಗುತ್ತದೆ ಎಂದರು.

ಇವರು ಒಳಗೆ ಬಂದಾಗ, "ಇಂಜೆಕ್ಷನ್ ಈಗ ಬೇಡ, ಹಳೇ ಮಾತ್ರೆಗೇ ಇನ್ನೊಂದು ಅವಕಾಶ ಕೊಡೋಣ" ಎಂದಷ್ಟೇ ಹೇಳಿದರು. ಹೊರಡುವಾಗ ನನ್ನೊಬ್ಬಳಿಗೇ ಕೇಳುವಂತೆ, "ಮನೇಲಿ ಹೇಳೋದು ನಿಮಗೆ ಬಿಟ್ಟಿದ್ದು" ಎಂದರು.

ಹೇಳುವುದಿಲ್ಲ. ಇವರು ನನ್ನ ಕೈ ಹಿಡಿದುಕೊಂಡೇ ಮೆಟ್ಟಿಲು ಇಳಿಸಿದರು.

ಮೇ ೨೦

ಮಲಗುವಾಗಿನ ಆ ಸಣ್ಣ ಮಾತ್ರೆಯನ್ನು ನಾನು ಎಷ್ಟೋ ವರ್ಷ ಮಾರಿದ್ದೇನೆ. ಖಿನ್ನತೆಗೂ ಅದನ್ನೇ ಕೊಡುತ್ತಾರೆ, ಇದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ. ಚೀಟಿ ಕಂಡ ತಕ್ಷಣ ತಂದವರ ಮುಖ ನೋಡುತ್ತಿದ್ದೆ, ಓಹೋ, ಮನಸ್ಸಿನದು ಎಂದುಕೊಂಡು ಕಾಗದದಲ್ಲಿ ಸುತ್ತಿ ಕೊಡುತ್ತಿದ್ದೆ. ಇವತ್ತು ನನ್ನ ಪಾಲಿನದನ್ನು ನಮ್ಮ ಅಂಗಡಿಯಲ್ಲಿ ತೆಗೆದುಕೊಳ್ಳಲು ಧೈರ್ಯವಾಗದೆ ಎರಡು ಬೀದಿ ಆಚೆಯ ಅಂಗಡಿಗೆ ಹೋದೆ. ಅಲ್ಲಿದ್ದವನು ನನ್ನ ಮುಖ ನೋಡಿ, ಕಾಗದದಲ್ಲಿ ಸುತ್ತಿ ಕೊಟ್ಟ.

ಜೂನ್ ೪

ಬೀದಿಯ ಕೊನೆಯವರೆಗೆ, ವಾಪಸು. ಆ ಸಣ್ಣ ಮಾತ್ರೆಯಿಂದ ಬೆಳಿಗ್ಗೆ ಬಾಯಿ ಒಣಗಿರುತ್ತದೆ. ನಿದ್ದೆ ಸ್ವಲ್ಪ ಪರವಾಗಿಲ್ಲ.

ಅತ್ತೆ ತಾವೂ ಬರುತ್ತೇನೆಂದು ಚಪ್ಪಲಿ ಹಾಕಿಕೊಂಡು ನಿಂತರು. ಬೇಡ ಎಂದರೂ ಕೇಳಲಿಲ್ಲ. ಅವರ ನಡಿಗೆ ಬಸವನ ಹುಳುವಿನದು. ನನ್ನದೂ ಹೆಚ್ಚುಕಡಿಮೆ ಅದೇ.

ಜೂನ್ ೧೨

ಮಳೆ ಹನಿಯುತ್ತಿತ್ತು, ಹೋಗುವುದು ಬೇಡವೆಂದಿದ್ದೆ. ಅತ್ತೆ ಛತ್ರಿ ತಂದು ನಿಂತರು. ಮೂಲೆಯ ಮನೆಯ ಕಟ್ಟೆಯ ಮೇಲೆ ಸ್ವಲ್ಪ ಕೂತೆವು. ಅವರಿಗೆ ಬೆಳಗಿನ ಹೊತ್ತು ತೋಳು ಎತ್ತಲು ಆಗುವುದಿಲ್ಲವಂತೆ, ಜಡೆ ಹಾಕಿಕೊಳ್ಳುವುದನ್ನು ಬಿಟ್ಟು ಗಂಟು ಕಟ್ಟುತ್ತಿರುವುದು ಅದಕ್ಕೇ. ಇದೇ ಮನೆಯಲ್ಲಿದ್ದೇನೆ, ಗಂಟು ದಿನಾ ನೋಡುತ್ತೇನೆ. ನಾಳೆಯಿಂದ ನಾನೇ ಬಾಚುತ್ತೇನೆ ಎಂದೆ. ನನ್ನ ಕೈಯೂ ಅಷ್ಟರಲ್ಲೇ ಇದೆ, ಸೊಟ್ಟ ಜಡೆಯಾದೀತು.

ಜೂನ್ ೨೯, ಭಾನುವಾರ

ಊತ ಹೆಚ್ಚುಕಡಿಮೆ ಇಳಿದಿದೆ. ಮಣಿಕಟ್ಟಿನಲ್ಲಿ ಮಾತ್ರ ಸ್ವಲ್ಪ. ಒಳ್ಳೆಯದೇ. ಆದರೆ ಊತ ಇಳಿದರೆ ಇವರು ಮತ್ತೆ ನಂಬುವುದನ್ನು ಬಿಟ್ಟಾರೆಂದು ಒಂದು ವಾರದಿಂದ ಹೆದರಿಕೆ. ಇವತ್ತು ಇವರು ನನ್ನ ಕೈ ಹಿಡಿದು ನೋಡಿ, "ಆಹಾ, ಮೊದಲಿನ ಹಾಗಾಯ್ತು. ನಾಳೆಯಿಂದ ಷಟರು ನಿಂದೇ" ಎಂದು ನಕ್ಕರು. ತಮಾಷೆಯೇ. ನಾನು ಕೈ ಎಳೆದುಕೊಂಡೆ.

ಊಟಕ್ಕೆ ಕೂತಾಗ, ಮುಂದಿನ ಸೋಮವಾರ ಅತ್ತೆಯನ್ನೂ ಡಾಕ್ಟ್ರಮ್ಮನ ಹತ್ತಿರ ಕರೆದುಕೊಂಡು ಹೋಗೋಣ ಎಂದೆ. ಅತ್ತೆ ತಮ್ಮ ಕೋಣೆಯಲ್ಲಿದ್ದರು.

"ಅಮ್ಮನಿಗಾ? ಅಮ್ಮನಿಗೆ ಏನೂ ಇಲ್ಲ ಕಣೇ. ಎಷ್ಟು ಸಲ ನೋಡ್ಸಿಲ್ಲ?"

"ರಿಪೋರ್ಟು ನೋಡಿದೀರ. ಅವರನ್ನ ಯಾರು ನೋಡಿದಾರೆ?"

"ನೀನು ಯಾವಾಗಿಂದ ನರಳಮ್ಮನ ಪಾರ್ಟಿ?"

ಏನಾಯಿತೋ, ತಟ್ಟೆಯನ್ನು ತಳ್ಳಿಬಿಟ್ಟೆ. "ಹಾಗನ್ಬೇಡಿ. ನನಗೂ ಅದೇ ಹೆಸರಿಟ್ರಲ್ಲ, ನಿಮ್ಮ ತಂಗಿ ಹತ್ರ. ಕೇಳಿಸ್ಕೊಂಡೆ. ಅದಕ್ಕೇ ಮಾತ್ರೆ ಉಗಿದೆ. ನಿಮ್ಮ ಕಣ್ಣೆದುರೇ ಬಾಯಿಗೆ ಹಾಕ್ಕೊಂಡು, ಬಚ್ಚಲಲ್ಲಿ ಉಗಿದೆ. ಪ್ರತಿ ಭಾನುವಾರ."

ಇವರಿಗೆ ತಕ್ಷಣ ಅರ್ಥವಾಗಲಿಲ್ಲ. "ಊದಿತ್ತಲ್ಲ, ನಾನೇ ನೋಡಿದೀನಿ" ಎಂದರು.

"ನಿಮಗೆ ಕಾಣ್ಲಿ ಅಂತಾನೇ ಊದಿಸ್ಕೊಂಡಿದ್ದು" ಎಂದೆ. ಮೂಳೆಯ ಕಚ್ಚಿನ ವಿಷಯವನ್ನೂ ಹೇಳಿದೆ, ಎರಡನೆಯ ಕಾಯಿಲೆಯನ್ನೂ, ಬೇರೆ ಅಂಗಡಿಯಲ್ಲಿ ಕೊಂಡ ಮಾತ್ರೆಯನ್ನೂ. ಒಂದು ಸಲ ಬಾಯಿ ಬಿಟ್ಟರೆ ನಿಲ್ಲಿಸಲು ಬರುವುದಿಲ್ಲ.

ಇವರು ಕೈ ತೊಳೆದು ಅಂಗಡಿಗೆ ಹೋದರು. ಭಾನುವಾರ ಮಧ್ಯಾಹ್ನ ಅಂಗಡಿ ತೆರೆಯುವುದಿಲ್ಲ.

ನಾನು ಮಾತ್ರೆ ನುಂಗಿದೆ.

ಜುಲೈ ೩

ಮಾತಿಲ್ಲ. ಚೀಟಿ ಓದಿ ಹೇಳುತ್ತೇನೆ, ತೆಗೆದುಕೊಡುತ್ತಾರೆ. ಅಷ್ಟೆ.

ಕೋಪವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಇವರು ನನ್ನನ್ನು ನೋಡುವಾಗ ಕಣ್ಣು ಕೈಯ ಕಡೆ ಹೋಗುತ್ತದೆ, ಆಮೇಲೆ ಬೇರೆ ಕಡೆ. ಇನ್ನು ನನ್ನ ಕೈ ಊದಿದರೂ ನಂಬುವುದಿಲ್ಲವೇನೋ. ಇದ್ದ ಒಂದು ಸಾಕ್ಷಿಯನ್ನೂ ನಾನೇ ಕೆಡಿಸಿಕೊಂಡೆ.

ಜುಲೈ ೭, ಸೋಮವಾರ

ಬರುವುದಿಲ್ಲ ಎಂದುಕೊಂಡಿದ್ದೆ, ಬಂದರು. ಅಮ್ಮನ ವಿಷಯವಲ್ಲವೇ. ಮೂವರೂ ಆಟೋದಲ್ಲಿ ಕೂತು ಹೋದೆವು, ಅತ್ತೆ ನಡುವೆ.

ಡಾಕ್ಟ್ರಮ್ಮ ಅತ್ತೆಗೂ ನನಗೆ ಕೇಳಿದ ಪ್ರಶ್ನೆಗಳನ್ನೇ ಕೇಳಿದರು. ಅತ್ತೆ ಮೊದಮೊದಲು ಮಗನ ಮುಖ ನೋಡಿ ನೋಡಿ ಉತ್ತರ ಹೇಳಿದರು. ಆಮೇಲೆ ನೋಡುವುದನ್ನು ಬಿಟ್ಟರು. ಒತ್ತಿದಾಗ ಕಣ್ಣು ಮುಚ್ಚಿಕೊಂಡರು, ಕೂಗಲಿಲ್ಲ. ನರಳುವುದೇ ಅವರ ಕಸುಬು ಎಂದುಕೊಂಡಿದ್ದ ನಮಗೆ ಆ ಮೌನ ಹೊಸದು. ಸಂಧಿವಾತ ಇಲ್ಲ, ಆದರೆ ನಿಮ್ಮ ಸೊಸೆಗಿರುವ ಎರಡನೆಯದು ಇದೆ, ಬಹಳ ವರ್ಷದಿಂದಲೇ ಇದ್ದಿರಬೇಕು ಎಂದರು ಡಾಕ್ಟ್ರಮ್ಮ.

"ಈಗ ಏನಾದ್ರೂ ಮಾತ್ರೆ ತಗೋತಿದೀರಾ?"

"ಮಗ ಸೊಸೆ ಕೊಡ್ತಾರಲ್ಲ, ಜೋರಿನ ಮಾತ್ರೆ. ಅದರಿಂದಾನೇ ಓಡಾಡ್ಕೊಂಡಿದೀನಿ."

"ಯಾವ್ದು ಅದು?" ಎಂದು ಡಾಕ್ಟ್ರಮ್ಮ ನಮ್ಮ ಕಡೆ ತಿರುಗಿದರು.

ಇವರು ನೆಲ ನೋಡಿದರು. ಕಿವಿ ಕೆಂಪಾಗಿತ್ತು. ನಾನೇ ಹೇಳಿದೆ. "ಕ್ಯಾಲ್ಸಿಯಂ. ಬರೀ ಕ್ಯಾಲ್ಸಿಯಂ." ಡಾಕ್ಟ್ರಮ್ಮ ಬರೆದುಕೊಂಡರು.

ಆಟೋದಲ್ಲಿ ಅತ್ತೆ ಬಹಳ ಹೊತ್ತು ರಸ್ತೆ ನೋಡುತ್ತಾ ಕೂತಿದ್ದರು. ಆಮೇಲೆ ನನಗೆ ಹೇಳಿದರೋ ಮಗನಿಗೋ ತಿಳಿಯಲಿಲ್ಲ. "ಅದರಿಂದ ಒಂದು ದಿನಾನೂ ಕಮ್ಮಿ ಆಗಿರ್ಲಿಲ್ಲ. ಆಗಿಲ್ಲ ಅಂದಿದ್ರೆ ನೀವು ಅದನ್ನೂ ಕೊಡ್ತಿರ್ಲಿಲ್ಲವಲ್ಲ."

ಮನೆ ತಲುಪಿದ ಮೇಲೆ ಇವರು ಅಮ್ಮನನ್ನು ತೋಳು ಹಿಡಿದು ಇಳಿಸಿದರು. ಇಳಿಸಿದ ಮೇಲೂ ಬಿಡಲಿಲ್ಲ, ಬಾಗಿಲಲ್ಲೇ ನಿಂತಿದ್ದರು. ನಾನು ಒಳಗೆ ಹೋಗಿ ನೀರು ಕುಡಿದೆ, ಮುಖ ತೊಳೆದೆ, ಆದರೂ ಮುಖ ತೊಳೆದ ಹಾಗೆ ಅನಿಸಲಿಲ್ಲ.

ಜುಲೈ ೧೧

ಇವತ್ತು ನೋವಿನ ದಿನ. ಕಾರಣವಿಲ್ಲ, ಕೆಲವು ದಿನ ಹೀಗೆ ಬರುತ್ತವೆ ಎಂದು ಡಾಕ್ಟ್ರಮ್ಮ ಹೇಳಿದ್ದರು. ನಡೆದು ಬಂದೆವು, ಮೂಲೆಯ ಮನೆಯವರೆಗೆ ಮಾತ್ರ. ಅತ್ತೆಗೆ ಜಡೆ ಹಾಕಿದೆ. ಅಂಗಡಿಗೆ ಹೋಗುವ ಮೊದಲು ಚಹಾ ಕುಡಿಯುತ್ತಾ ಕೂತಿದ್ದೆ. ಇವರು ಅಂಗಡಿಯ ಬೀಗದ ಕೈ ಹಿಡಿದುಕೊಂಡು ಬಂದು ಎದುರಿಗೆ ನಿಂತರು. ಅವತ್ತಿನಿಂದ ನಾವು ಎದುರುಬದುರು ನಿಂತಿರಲಿಲ್ಲ.

"ನೋಯ್ತಿದೆಯಾ?" ಎಂದು ಕೇಳಿದರು.

"ಏನಿಲ್ಲ" ಎಂದೆ. ಬಾಯಿಗೆ ಮೊದಲು ಬರುವುದೇ ಅದು. ಇವರು ತಲೆ ಆಡಿಸಿ ಬಾಗಿಲಿನವರೆಗೆ ಹೋಗಿಬಿಟ್ಟರು. ಚಪ್ಪಲಿಗೆ ಒಂದು ಕಾಲು ಹಾಕಿಯೂ ಆಗಿತ್ತು. ಈ ಒಂದು ಪ್ರಶ್ನೆಗಾಗಿ ನಾನು ಮೂಳೆಗೆ ಕಚ್ಚು ಬೀಳಿಸಿಕೊಂಡಿದ್ದೇನೆ, ಕೇಳಿದಾಗ ಏನಿಲ್ಲ ಎನ್ನುತ್ತೇನೆ.

"ರೀ" ಎಂದೆ.

ನಿಂತರು.

"ಇದೆ. ಎದ್ದಾಗಿಂದ ಇದೆ. ಮೈಯೆಲ್ಲ."

ವಾಪಸು ಬಂದು ಎದುರಿನ ಕುರ್ಚಿಯಲ್ಲಿ ಕೂತರು. ನಾನು ಕೈಗಳೆರಡನ್ನೂ ಮೇಜಿನ ಮೇಲೆ ಇಟ್ಟುಕೊಂಡಿದ್ದೆ, ತೆಳ್ಳಗೆ, ನುಣ್ಣಗೆ, ಏನೂ ಆಗಿಲ್ಲದ ಕೈಗಳು. ಇವರು ನನ್ನ ಮುಖ ನೋಡುತ್ತಾ, "ಹೇಗಿದೆ, ಹೇಳು" ಎಂದರು. ಹೇಳತೊಡಗಿದೆ. ಅಂಗಡಿ ತೆರೆಯುವ ಹೊತ್ತು ಮೀರಿತು. ಅಷ್ಟು ಹೊತ್ತಿನಲ್ಲಿ ಇವರು ಒಂದು ಸಲವೂ ನನ್ನ ಕೈ ನೋಡಲಿಲ್ಲ.